ವೈ-ಫೈಯ ಗೋತ್ರ

ಹಳೆಯ ಪಾತ್ರೆಗೆ ಕಲಾಯಿ ಹಾಕಿಸಿ ಮತ್ತೆ ಒಲೆಯ ಮೇಲಿಡುವ ಮನೆಗಳಲ್ಲಿಯೂ ಹಳೆಯ ಲ್ಯಾಪ್‌ಟಾಪಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಕಡಮೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಕೊನೆಗೊಂಡ ಮೇಲಂತೂ ಇದಕ್ಕೊಂದು ನೆಪವೂ ದೊರಕಿತು. ಹೊಸ ವಿಂಡೋಸಿನ ಭಾರವನ್ನು ಹೊರಲಾರದ ಯಂತ್ರಗಳು, ದುಡಿಯುವ ಶಕ್ತಿಯಿದ್ದೂ ಅನಾಥವಾದುವು. ಅಂಥವುಗಳಿಗೆ ಲಿನಕ್ಸ್ ಒಳ್ಳೆಯ ಆಶ್ರಯ. ಬೆಲೆ ಕೇಳದು, ಮುದುಕರನ್ನು ಹೀಯಾಳಿಸದು. ಆದರೆ ಗೃಹಪ್ರವೇಶದ ದಿನವೇ ಒಂದು ವಿಘ್ನ ಒದಗುವುದುಂಟು. ಉಳಿದುದೆಲ್ಲವೂ ನಡೆಯುತ್ತದೆ, ವೈ-ಫೈ ಮಾತ್ರ ಇಲ್ಲ!

ನಿವೃತ್ತ ಗುಮಾಸ್ತರೊಬ್ಬರ ಮನೆಯಲ್ಲಿ ಆದುದೂ ಇದೇ. ಅವರ ಮೊಮ್ಮಗಳು 2009ರ ಲ್ಯಾಪ್‌ಟಾಪೊಂದಕ್ಕೆ ಡೆಬಿಯನ್ ಎಂಬ ಲಿನಕ್ಸನ್ನು ಹಾಕಿದಳು. ಸೋಮವಾರ ಕಾಲೇಜಿನ ಆರಂಭ. ಪಾಠ, ಬರೆಹ ಎಲ್ಲವೂ ಅದರ ಮೇಲೆಯೇ ನಡೆಯಬೇಕು. ದುರಸ್ತಿಯ ಅಂಗಡಿಯವನು ಯಂತ್ರವನ್ನು ತೆರೆದೂ ನೋಡದೆ, “ವೈ-ಫೈ ಕಾರ್ಡು ಸತ್ತಿದೆ ಸ್ವಾಮೀ, ಹೊಸ ಲ್ಯಾಪ್‌ಟಾಪನ್ನೇ ಕೊಂಡುಬಿಡಿ” ಎಂದನು. ಹೊಸದರ ಬೆಲೆಯೆಂದರೆ ತಾತನ ಎರಡು ತಿಂಗಳ ಪಿಂಚಣಿ.

“ಯಾರೆಂದು ಕೇಳದೆಯೇ ಸತ್ತನೆನ್ನುವುದು ಹೇಗಮ್ಮ? ಮೊದಲು ಗೋತ್ರ ಕೇಳು” ಎಂದರು ತಾತ.

ಹಾಸ್ಯಕ್ಕಾಗಿ ಆಡಿದ ಮಾತಾದರೂ ವಿಚಾರಣೆಯ ಸರಿಯಾದ ಕ್ರಮ ಅದೇ. ಲಿನಕ್ಸಿನ ಆಜ್ಞಾಫಲಕದಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಗೆ ‘-ಎನ್‌ಎನ್‌ಕೆ’ ಎಂಬ ಬಾಲಂಗೋಚಿ ಕಟ್ಟಿ ಕೇಳಿದರೆ, ಒಳಗಿನ ಕಾರ್ಡುಗಳು ತಮ್ಮ ಹೆಸರನ್ನೂ ಎರಡು ಅಂಕೆಗಳನ್ನೂ ಒಪ್ಪಿಸುತ್ತವೆ. ಇಲ್ಲಿ ಬಂದ ಉತ್ತರ 14ಇ4, 4315. ಮೊದಲನೆಯದು ವಂಶ, ಬ್ರಾಡ್‌ಕಾಮ್ ಕಂಪೆನಿಯದು. ಎರಡನೆಯದು ವ್ಯಕ್ತಿ, ಬಿಸಿಎಂ 4312 ಎಂಬ ಚಿಪ್ಪು. ತೀರ ಸತ್ತ ಕಾರ್ಡು ಹೀಗೆ ಪ್ರವರ ಹೇಳುವುದಿಲ್ಲ. ಮೊಮ್ಮಗಳಿಗೆ ಅರ್ಧ ಜೀವ ಬಂದಿತು.

ಮುಂದಿನ ಪ್ರಶ್ನೆ, ಬಾಗಿಲಿಗೆ ಚಿಲಕವಿದೆಯೇ ಎಂಬುದು. ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದರೆ ತಿಳಿಯುತ್ತದೆ. ಆಜ್ಞೆಯಿಂದ ಬಿದ್ದ ಚಿಲಕ ಆಜ್ಞೆಯಿಂದಲೇ ತೆರೆದೀತು. ಹಳೆಯ ಯಂತ್ರಗಳ ಅಂಚಿನಲ್ಲಿರುವ ಪುಟ್ಟ ಗುಂಡಿಯಿಂದ ಬಿದ್ದದ್ದನ್ನು ಬೆರಳಿನಿಂದಲೇ ಸರಿಸಬೇಕು. ಎಷ್ಟೋ ಮನೆಗಳಲ್ಲಿ ರೋಗ ಇಷ್ಟೇ. ಇಲ್ಲಿ ಅದಲ್ಲ.

ನಿಜವಾದ ಕಾರಣ ಹೊರಬಿದ್ದದ್ದು ಯಂತ್ರದ ದಿನಚರಿಯಿಂದ. ಡಿ-ಎಂ-ಇ-ಎಸ್-ಜಿ ಎಂಬ ಅಕ್ಷರಗಳನ್ನು ಒತ್ತಿದರೆ ಅದು ತೆರೆಯುತ್ತದೆ. ಅದರಲ್ಲಿ, ಫರ್ಮ್‌ವೇರಿನ ಕಡತ ಸಿಕ್ಕಲಿಲ್ಲ ಎಂಬ ದೂರು ಸ್ಪಷ್ಟವಾಗಿ ಬರೆದಿತ್ತು. ಫರ್ಮ್‌ವೇರ್ ಎಂದರೆ ಚಿಪ್ಪಿನೊಳಗೆ ನಡೆಯಬೇಕಾದ ಚಿಕ್ಕ ಕ್ರಮವಿಧಿ. ವಿದ್ಯುತ್ತು ನಿಂತೊಡನೆ ಚಿಪ್ಪು ಅದನ್ನು ಮರೆಯುವುದರಿಂದ ಪ್ರತಿಸಲವೂ ಹೊಸದಾಗಿ ಉಪದೇಶಿಸಬೇಕು. ಉಪದೇಶಿಸುವ ಡ್ರೈವರು ಲಿನಕ್ಸಿನಲ್ಲಿದೆ. ಮಂತ್ರ ಮಾತ್ರ ಇಲ್ಲ.

ಇದರ ಹಿಂದೆ ಒಂದು ಸಾಹಸದ ಕಥೆಯಿದೆ. ಆ ದಿನಗಳಲ್ಲಿ ಈ ಚಿಪ್ಪುಗಳ ಒಳಗುಟ್ಟನ್ನು ಕಂಪೆನಿ ಲಿನಕ್ಸಿನವರಿಗೆ ತಿಳಿಸಿರಲಿಲ್ಲ. ಆಗ ಕೆಲವರು ಕಂಪೆನಿಯದೇ ಡ್ರೈವರೊಂದರ ನಡೆಯನ್ನು ಪರೀಕ್ಷಿಸಿ ವಿವರಣೆಯನ್ನು ಬರೆದರು. ಮತ್ತೆ ಕೆಲವರು ಮೂಲದ ಕಡೆ ಕಣ್ಣೆತ್ತಿಯೂ ನೋಡದೆ, ಆ ವಿವರಣೆಯೊಂದನ್ನೇ ಆಧರಿಸಿ ಹೊಸ ಡ್ರೈವರನ್ನು ರಚಿಸಿದರು. ನಕಲೆಂಬ ಅಪವಾದ ಬರಬಾರದೆಂದು ಈ ಮಡಿ! 2006ರಲ್ಲಿ ಅದು ಲಿನಕ್ಸಿನೊಳಗೆ ಸೇರಿತು. 2010ರಲ್ಲಿ ಕಂಪೆನಿಯೂ ಮನಸ್ಸು ಮಾಡಿ ಮುಕ್ತ ಡ್ರೈವರೊಂದನ್ನು ಹೊರತಂದಿತಾದರೂ ಅದು ಹೊಸ ಚಿಪ್ಪುಗಳ ಭಾಗ್ಯ. ಹಳೆಯವುಗಳ ಫರ್ಮ್‌ವೇರನ್ನು ಹಂಚುವ ಹಕ್ಕು ಇತರರಿಗಿಲ್ಲ. ಆದುದರಿಂದಲೇ, 2023ರ ಡೆಬಿಯನ್ 12ರಿಂದ ಎಷ್ಟೋ ಚಿಪ್ಪುಗಳ ಫರ್ಮ್‌ವೇರ್ ಜೊತೆಯಲ್ಲಿಯೇ ಬರುತ್ತಿದ್ದರೂ ಇದೊಂದು ಹೊರಗುಳಿದಿದೆ. ಬೇಕಾದವರು ‘ಫರ್ಮ್‌ವೇರ್-ಬಿ43-ಇನ್‌ಸ್ಟಾಲರ್’ ಎಂಬುದನ್ನು ಕರೆಯಬೇಕು. ಅದು ಇಂಟರ್ನೆಟ್ಟಿನಿಂದ ಮೂಲವನ್ನು ತಂದು, ಮಂತ್ರಭಾಗವನ್ನಷ್ಟೇ ಕತ್ತರಿಸಿಕೊಡುತ್ತದೆ.

ಇಂಟರ್ನೆಟ್ಟಿನಿಂದ! ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ತಾತನ ಮುಖ ಸಪ್ಪಗಾಯಿತು. ಆದರೆ ಮೊಮ್ಮಗಳು ಮೊಬೈಲನ್ನು ಅದರ ಚಾರ್ಜಿನ ದಾರದಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಒತ್ತಿದಳು. ದಾರದ ಮೂಲಕ ಬರುವ ಇಂಟರ್ನೆಟ್ಟಿಗೆ ವೈ-ಫೈ ಚಿಪ್ಪಿನ ಹಂಗಿಲ್ಲ. ಫರ್ಮ್‌ವೇರು ಬಂದು ಕುಳಿತಿತು. ಯಂತ್ರವನ್ನು ಒಮ್ಮೆ ಆರಿಸಿ ಹೊತ್ತಿಸಿದುದಾಯಿತು.

ಬೀದಿಯವರ ಹೆಸರುಗಳೆಲ್ಲ ಪರದೆಯ ಮೇಲೆ ಸಾಲಾಗಿ ಮೂಡಿದುವು. ಮನೆಯ ರೌಟರಿನ ಎರಡು ಹೆಸರುಗಳಲ್ಲಿ ಒಂದೇ ಕಂಡಿತು. ಈ ಹಳೆಯ ಚಿಪ್ಪಿಗೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ, 5 ಕೇಳಿಸದು. ಅಷ್ಟು ಕಿವುಡುತನ ತಾತನಿಗೂ ಇತ್ತು, ಅವರು ಆಕ್ಷೇಪಿಸಲಿಲ್ಲ. ಗುಪ್ತಪದವನ್ನು ಮಾತ್ರ ಅವರು ಪಂಚಾಂಗದ ಹಿಂಬದಿಯಲ್ಲಿ ಬರೆದಿಟ್ಟಿದ್ದರು. ಆ ಪಂಚಾಂಗ ಯುಗಾದಿಯಂದೇ ರದ್ದಿಗೆ ಹೋಗಿತ್ತು. ಮೊಮ್ಮಗಳು ರೌಟರನ್ನು ತಲೆಕೆಳಗು ಮಾಡಿ, ತಳದಲ್ಲಿ ಅಚ್ಚಾಗಿದ್ದ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು.