ನಾಣ್ಯ ಗೆರೆ ಮುಟ್ಟೀತೇ?

ಮಕ್ಕಳೇ, ಜಾತ್ರೆಯಲ್ಲಿ ನಾಣ್ಯ ಎಸೆಯುವ ಆಟ ನೋಡಿದ್ದೀರಾ? ಹಲಗೆಯ ತುಂಬ ಗೆರೆ ಎಳೆದು ಚೌಕಾಕಾರದ ಮನೆಗಳನ್ನು ಮಾಡಿರುತ್ತಾರೆ. ನೀವು ಎಸೆದ ನಾಣ್ಯ ಗೆರೆ ಮುಟ್ಟದೆ ಒಂದು ಮನೆಯೊಳಗೆ ಬಿದ್ದರೆ ಅದರ ಜೊತೆಗೆ ಇನ್ನೊಂದು ನಾಣ್ಯ ನಿಮಗೆ. ಗೆರೆ ಮುಟ್ಟಿದರೆ ಅದು ಅಂಗಡಿಯವನಿಗೆ.

ನಾನು ಆರನೆಯ ತರಗತಿಯಲ್ಲಿದ್ದಾಗ ಅಜ್ಜಿ ಬೆಂಡು-ಬತ್ತಾಸು ತರಲೆಂದು ಎರಡು ರೂಪಾಯಿ ಕೊಟ್ಟಿದ್ದರು. ಎಂಟು ನಾಲ್ಕಾಣೆಗಳು. 'ಮುಟ್ಟುತ್ತದೆ, ಇಲ್ಲವೇ ಮುಟ್ಟುವುದಿಲ್ಲ. ಎರಡೇ ತಾನೆ? ಹಾಗಾದರೆ ಅರ್ಧಕ್ಕರ್ಧ ಗೆಲುವು' ಎಂದುಕೊಂಡು ಆಡಿದೆ. ಬರಿಗೈಯಲ್ಲಿ ಮನೆಗೆ ಬಂದೆ. ಅಜ್ಜಿ ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು. ಹಲಗೆಯಲ್ಲಿ ಏನೋ ಮೋಸವಿದೆ ಎಂದು ಬಹಳ ಕಾಲ ನಂಬಿದ್ದೆ. ತಪ್ಪಿದ್ದು ನನ್ನ ಲೆಕ್ಕ.

ದಾಳ ಉರುಳಿಸಿದರೆ ಆರು ಮುಖಗಳಲ್ಲಿ ಒಂದು ಮೇಲೆ ಬರುತ್ತದೆ. ಅಲ್ಲಿ ಎಣಿಸಿದರೆ ಸಾಕು. ಆದರೆ ಹಲಗೆಯ ಮೇಲೆ ನಾಣ್ಯ ಬೀಳಬಹುದಾದ ಜಾಗಗಳನ್ನು ಎಣಿಸಲು ಸಾಧ್ಯವೇ? ಒಂದು ಕೂದಲೆಳೆಯಷ್ಟು ಸರಿದರೂ ಅದು ಬೇರೆ ಜಾಗವೇ. ಇಂಥಲ್ಲಿ ಎಣಿಸುವ ಬದಲು ಅಳೆಯಬೇಕು. ಇದನ್ನೇ ಜ್ಯಾಮಿತೀಯ ಸಂಭವನೀಯತೆ ಎನ್ನುತ್ತಾರೆ. ಹೆಸರು ದೊಡ್ಡದು, ಕೆಲಸ ಸುಲಭ.

ಮನೆಯ ಬಾಹು 5 ಸೆಂ.ಮೀ., ನಾಣ್ಯದ ವ್ಯಾಸ 2.5 ಸೆಂ.ಮೀ. ಎಂದಿರಲಿ. ನಾಣ್ಯವನ್ನು ಮರೆತು ಅದರ ನಡುಬಿಂದುವನ್ನು ಮಾತ್ರ ನೋಡಿ. ಆ ಬಿಂದುವಿನಿಂದ ನಾಣ್ಯದ ಅಂಚಿಗೆ 1.25 ಸೆಂ.ಮೀ. ಆದ್ದರಿಂದ ನಡುಬಿಂದು ಯಾವುದೇ ಗೆರೆಗೆ ಇದಕ್ಕಿಂತ ಹತ್ತಿರ ಬಿದ್ದರೆ ಅಂಚು ಗೆರೆಯನ್ನು ಮುಟ್ಟಿಯೇ ತೀರುತ್ತದೆ. ಮನೆಯ ನಾಲ್ಕೂ ಕಡೆ 1.25 ಸೆಂ.ಮೀ. ಬಿಟ್ಟು ಒಳಗೊಂದು ಚೌಕ ಬರೆಯಿರಿ. ಅದರ ಬಾಹು 2.5 ಸೆಂ.ಮೀ. ನಡುಬಿಂದು ಈ ಪುಟ್ಟ ಚೌಕದೊಳಗೆ ಬಿದ್ದರೆ ಮಾತ್ರ ಗೆಲುವು. ಅದರ ವಿಸ್ತೀರ್ಣ 6.25 ಚದರ ಸೆಂ.ಮೀ., ಇಡೀ ಮನೆಯದು 25 ಚದರ ಸೆಂ.ಮೀ. ಅಂದರೆ ಗೆಲ್ಲುವ ಸಂಭವ ನಾಲ್ಕರಲ್ಲಿ ಒಂದು, ಅರ್ಧವಲ್ಲ! ನಾಲ್ಕು ನಾಣ್ಯ ಎಸೆದರೆ ಕೈಗೆ ಮರಳುವುದು ಸರಾಸರಿ ಎರಡು.

ಇದೇನೂ ಹೊಸ ಲೆಕ್ಕವಲ್ಲ. ಹಿಂದೆ ಫ್ರಾನ್ಸಿನಲ್ಲಿ ಚೌಕ ಬಿಲ್ಲೆ ಹಾಸಿದ ನೆಲದ ಮೇಲೆ ನಾಣ್ಯ ಎಸೆದು ಪಂದ್ಯ ಕಟ್ಟುತ್ತಿದ್ದರು. ಬುಫಾನ್ ಎಂಬ ವಿಜ್ಞಾನಿ 1733ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಇದರ ಲೆಕ್ಕ ಇಟ್ಟ.

ಈಗ ನನ್ನ ತಕರಾರು. ಎನ್‌ಸಿಇಆರ್‌ಟಿಯ 10ನೆಯ ತರಗತಿಯ ಗಣಿತ ಪುಸ್ತಕ 2006ರಲ್ಲಿ ಹೊರಬಂದಾಗ ಅದರಲ್ಲಿ ಇಂಥ ಎರಡು ಉದಾಹರಣೆಗಳಿದ್ದವು: ಒಂದು ಸಂಗೀತ ಕುರ್ಚಿಯದು, ಇನ್ನೊಂದು ಕಾಣೆಯಾದ ಹೆಲಿಕಾಪ್ಟರ್ ಸರೋವರದಲ್ಲಿ ಬಿದ್ದಿರುವ ಸಂಭವ ಎಷ್ಟು ಎಂಬುದು. ಎರಡಕ್ಕೂ 'ಪರೀಕ್ಷೆಗಲ್ಲ' ಎಂಬ ಅರ್ಥದ ಗುರುತು ಹಾಕಿದ್ದರು. ಆ ಗುರುತು ಕಂಡರೆ ಪುಟ ತಿರುವುವುದು ನಮ್ಮ ಅಭ್ಯಾಸ. ನಾನೂ ತಿರುವಿದ್ದೇನೆ. ಚೌಕದ ವಿಸ್ತೀರ್ಣ ಗೊತ್ತಿರುವ ನೀವು ಹೈಸ್ಕೂಲಿನವರೆಗೆ ಕಾಯಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಜಾತ್ರೆ ನಿಮಗಾಗಿ ಹತ್ತನೆಯ ತರಗತಿಯವರೆಗೆ ಕಾಯುವುದಿಲ್ಲವಲ್ಲ.

ಬರೀ ಸೂತ್ರ ಬರೆದುಕೊಂಡರೂ ಪ್ರಯೋಜನವಿಲ್ಲ. ತರಗತಿಯ ನೆಲದ ಮೇಲೆ ಸೀಮೆಸುಣ್ಣದಿಂದ 5 ಸೆಂ.ಮೀ. ಮನೆಗಳನ್ನು ಬರೆಯಿರಿ. ರಟ್ಟಿನಿಂದ 2.5 ಸೆಂ.ಮೀ. ವ್ಯಾಸದ ಬಿಲ್ಲೆ ಕತ್ತರಿಸಿ. ಗುರಿಯಿಡದೆ ಎತ್ತರದಿಂದ ನೂರು ಸಲ ಬೀಳಿಸಿ. ಮನೆಗಳಿಂದಾಚೆ ಹೋದರೆ ಮತ್ತೆ ಎಸೆಯಿರಿ. ಸರಿಯಾಗಿ 25 ಗೆಲುವು ಬರದಿದ್ದರೆ ಗಾಬರಿ ಬೇಡ, ಆಸುಪಾಸು ಬರುತ್ತದೆ. ಹತ್ತೇ ಸಲ ಎಸೆದು 'ಲೆಕ್ಕ ಸುಳ್ಳು ಸಾರ್' ಎನ್ನುವವರೂ ಇದ್ದಾರೆ. ಅವರಿಗೆ ಇನ್ನೂ ತೊಂಬತ್ತು ಎಸೆಯಲು ಹೇಳಿ.

ಒಂದು ಶಾಲೆಯಲ್ಲಿ ಇದನ್ನು ಮಾಡಿಸುವಾಗ ಏಳನೆಯ ತರಗತಿಯ ಹುಡುಗಿಯೊಬ್ಬಳು, 'ಸಾರ್, ಇಬ್ಬರಿಗೂ ಸಮ ಆಗಬೇಕಾದರೆ ಮನೆ ಎಷ್ಟು ದೊಡ್ಡದಿರಬೇಕು?' ಎಂದು ಕೇಳಿದಳು. ಬಾಹು 8.5 ಸೆಂ.ಮೀ. ಇಟ್ಟು ನೋಡಿದೆವು. ಒಳಚೌಕದ ಬಾಹು 6, ವಿಸ್ತೀರ್ಣ 36. ಇಡೀ ಮನೆಯದು 72.25. ಹೆಚ್ಚುಕಡಿಮೆ ಅರ್ಧ. ಅಂಥ ಹಲಗೆ ಹಿಡಿದು ಜಾತ್ರೆಗೆ ಬಂದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.