‘ವಯಸ್ಸಾಯಿತು’ ಎಂಬ ಸುಳ್ಳು ಸಮಾಧಾನ

ಕಳೆದ ವಾರ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಸೋಫಾದ ಕೆಳಗೆ ಅವರ ಮುದಿ ಪೊಮೇರಿಯನ್ ನಾಯಿ ಮಲಗಿತ್ತು. ಕರೆದರೆ ಬಾಲವಾಡಿಸಿತೇ ಹೊರತು ಏಳಲಿಲ್ಲ. ಕೊನೆಗೆ ಎದ್ದಾಗ ಹಿಂಗಾಲೊಂದನ್ನು ಮಡಚಿಕೊಂಡು ನಾಲ್ಕು ಹೆಜ್ಜೆ ಕುಂಟಿ, ಆಮೇಲೆ ನಡೆಯಿತು. ವಿಚಾರಿಸಿದೆ. “ಏನಿಲ್ಲ ದೊಡ್ಡಪ್ಪ, ಅದಕ್ಕೆ ವಯಸ್ಸಾಯ್ತು, ಅಷ್ಟೆ” ಎಂಬ ಉತ್ತರ ಬಂತು. ಹೆಸರು ಹೇಳುವುದಿಲ್ಲ, ಓದುತ್ತಿದ್ದರೆ ಕೋಪಿಸಿಕೊಳ್ಳಬೇಡಮ್ಮ. ನನ್ನ ಜಗಳ ನಿನ್ನೊಡನೆ ಅಲ್ಲ, ಆ ಮಾತಿನೊಡನೆ. ಅದೇ ಮಾತನ್ನು ನಾನೂ ಎರಡು ವರ್ಷ ಆಡಿದವನು.

ನಮ್ಮ ಚಿನ್ನಿಗೆ ಆಗ 11 ವರ್ಷ. ರೊಟ್ಟಿಯ ಗಟ್ಟಿ ಅಂಚನ್ನು ಬಿಡತೊಡಗಿದಳು. ತಿನ್ನುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುವಳು, ಅರ್ಧ ತುತ್ತು ನೆಲಕ್ಕೆ ಬೀಳಿಸುವಳು. ನಾನು ಅದನ್ನು ಹಟವೆಂದೆ. ಕೆನ್ನೆಯ ಬಳಿ ಬಾಚಿದರೆ ಗುರುಗುಟ್ಟುವಳು. ಅದನ್ನು ಸಿಡುಕುತನವೆಂದೆ, ಒಮ್ಮೆ ಮಡಿಸಿದ ಪತ್ರಿಕೆಯಿಂದ ಮೂತಿಗೆ ತಟ್ಟಿಯೂ ಬಿಟ್ಟೆ. ಕೊನೆಗೊಂದು ದಿನ ಬಾಯಿಯ ದುರ್ವಾಸನೆ ತಡೆಯಲಾರದೆ ಪಶುವೈದ್ಯರಲ್ಲಿಗೆ ಕರೆದೊಯ್ದೆ. ಅವರು ತುಟಿಯನ್ನು ಮೇಲೆತ್ತಿ ತೋರಿಸಿದರು: ಎರಡು ದವಡೆಹಲ್ಲು ಕೊಳೆತು ಒಸಡಿನಲ್ಲಿ ಕೀವು ತುಂಬಿತ್ತು. ನಾನು ತಟ್ಟಿದ್ದು ಆ ಬಾಯಿಗೆ. ರಕ್ತಪರೀಕ್ಷೆ ಮಾಡಿ, ಅರಿವಳಿಕೆ ಕೊಟ್ಟು, ಹಲ್ಲು ಕಿತ್ತರು. ಹದಿನೈದು ದಿನಗಳೊಳಗೆ ಅವಳು ಮೊದಲಿನಂತೆ ಗೇಟಿನವರೆಗೆ ಓಡಿ ಬಂದಳು. ಆ ಹದಿನೈದು ದಿನಗಳಲ್ಲಿ ಅವಳ ವಯಸ್ಸೇನೂ ಇಳಿದಿರಲಿಲ್ಲ.

“ನೋವಿದ್ದರೆ ಕೂಗುತ್ತಿರಲಿಲ್ಲವೇ?” ಎಂದು ಕೇಳುವವರಿದ್ದಾರೆ. ನಿಮ್ಮ ಮನೆಯ ಅಜ್ಜಿ ಮಂಡಿನೋವಿಗೆ ದಿನವಿಡೀ ಕೂಗುತ್ತಾರೆಯೇ? ಗೋಡೆ ಹಿಡಿದು ಏಳುತ್ತಾರೆ, ಮೆಟ್ಟಿಲು ತಪ್ಪಿಸುತ್ತಾರೆ, ಮಾತು ಕಡಿಮೆ ಮಾಡುತ್ತಾರೆ. ಥಟ್ಟನೆ ಬಂದ ನೋವಿಗೆ ಪ್ರಾಣಿ ಕಿರುಚುತ್ತದೆ. ಒಳಗೇ ನೆಲೆಸಿದ ನೋವಿಗೆ ತನ್ನ ಬದುಕನ್ನೇ ಕುಗ್ಗಿಸಿಕೊಳ್ಳುತ್ತದೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ತನ್ನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ಹೇಳಿಕೊಳ್ಳಲಾರದ ಮಾತ್ರಕ್ಕೆ ಮನುಷ್ಯನಿಗಾಗಲಿ ಪ್ರಾಣಿಗಾಗಲಿ ನೋವಿಲ್ಲವೆಂದು ಭಾವಿಸಬಾರದೆಂಬ ವಿವರಣೆಯನ್ನೂ ಜೊತೆಗೆ ಸೇರಿಸಿತು.

ಸಣ್ಣ ನಾಯಿಗಳ ಪಾಡು ಇನ್ನೂ ಕಷ್ಟದ್ದು. ಸದಾ ಎತ್ತಿಕೊಂಡು ತಿರುಗುವುದರಿಂದ ಅವು ನಡೆಯುವ ಬಗೆಯನ್ನು ಯಾರೂ ಗಮನಿಸುವುದಿಲ್ಲ. ಆಲ್ಸೇಷಿಯನ್ ಗುರುಗುಟ್ಟಿದರೆ ಮನೆಮಂದಿ ಬೆಚ್ಚುತ್ತಾರೆ. ಐದು ಕಿಲೋ ತೂಕದ ಪೊಮೇರಿಯನ್ ಗುರುಗುಟ್ಟಿದರೆ ನಗುತ್ತಾರೆ. ಆದರೆ ಮಂಡಿಚಿಪ್ಪು ಜಾರುವುದು, ಹಲ್ಲು-ಒಸಡು ಕೊಳೆಯುವುದು ಈ ಪುಟ್ಟ ತಳಿಗಳಲ್ಲೇ ಹೆಚ್ಚು. ಡಾಕ್ಸ್‌ಹುಂಡ್‌ಗಳಲ್ಲಿ ಬೆನ್ನುಹುರಿಗೆ ಒತ್ತುವ ಡಿಸ್ಕ್ ತೊಂದರೆ ಸಾಮಾನ್ಯ.

ಆದ್ದರಿಂದ ಗಮನಿಸಿ. ಮಲಗೆದ್ದಾಗ ಮೈ ಬಿಗಿದಿದೆಯೇ? ಜಿಗಿಯುತ್ತಿದ್ದ ಮಂಚದ ಬಳಿ ನಿಂತು ಹಿಂಜರಿಯುತ್ತಿದೆಯೇ? ಬೆನ್ನು ಬಾಗಿಸಿ ನಿಲ್ಲುತ್ತಿದೆಯೇ? ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕುತ್ತಿದೆಯೇ? ಸೆಕೆಯಿಲ್ಲದಿದ್ದರೂ ಏದುಸಿರು, ಚಳಿಯಿಲ್ಲದಿದ್ದರೂ ನಡುಕ, ರಾತ್ರಿ ಮಲಗಲಾರದೆ ಜಾಗ ಬದಲಿಸುವುದು, ಮೂಲೆ ಸೇರುವುದು, ಮುಟ್ಟಿದರೆ ಮುನಿಯುವುದು, ಇವಕ್ಕೆ ಬೇರೆ ಕಾರಣಗಳೂ ಇರಬಹುದು. ಯಾವುದೆಂದು ನಿರ್ಣಯಿಸುವವರು ವೈದ್ಯರು. ಗಮನಿಸಿ ತಿಳಿಸಬೇಕಾದವರು ನಾವು. ನಾಯಿ ನಡೆಯುವುದನ್ನು ಮೊಬೈಲಿನಲ್ಲಿ ಚಿತ್ರಿಸಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ನಿಂತ ನಾಯಿ ಮನೆಯಲ್ಲಿ ಕುಂಟಿದಂತೆ ಅಲ್ಲಿ ಕುಂಟದೇ ಇರಬಹುದು.

ಒಂದು ಎಚ್ಚರಿಕೆ. ಕರುಣೆಯಿಂದಾದರೂ ನಿಮ್ಮ ಔಷಧದ ಡಬ್ಬಿಗೆ ಕೈಹಾಕಬೇಡಿ. ನಾವು ನುಂಗುವ ಐಬುಪ್ರೊಫೆನ್, ಡೈಕ್ಲೊಫಿನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣೆಬ್ಬಿಸಿ ಮೂತ್ರಪಿಂಡವನ್ನು ಕೆಡಿಸಬಲ್ಲವು. ಪ್ಯಾರಾಸಿಟಮಾಲ್ ಯಕೃತ್ತನ್ನು ಹಾಳುಮಾಡಬಲ್ಲದು. ನಾಯಿಗಳಿಗೆ ತಕ್ಕ ಔಷಧಗಳಿವೆ, ತೂಕಕ್ಕೆ ತಕ್ಕ ಪ್ರಮಾಣವಿದೆ. ಸಂಧಿವಾತ ಪೂರ್ತಿ ವಾಸಿಯಾಗದಿದ್ದರೂ ಮೈತೂಕ ಇಳಿಸಿ, ನುಣುಪಾದ ಟೈಲ್ಸ್ ಮೇಲೆ ಚಾಪೆ ಹಾಸಿ, ಬಹುಮಟ್ಟಿಗೆ ಹಿತ ಕೊಡಬಹುದು.

ಮಹಾಭಾರತದ ಆದಿಪರ್ವದಲ್ಲಿ ಸರಮೆ ಎಂಬ ದೇವಶುನಿಯ ಕಥೆಯಿದೆ. ಜನಮೇಜಯನ ತಮ್ಮಂದಿರು ಯಜ್ಞಶಾಲೆಯ ಬಳಿ ಬಂದ ಅವಳ ಮರಿಯನ್ನು ಹೊಡೆದು ಅಟ್ಟಿದರು. ಅದು ಹವಿಸ್ಸನ್ನು ನೆಕ್ಕಿರಲಿಲ್ಲ, ಕಣ್ಣೆತ್ತಿಯೂ ನೋಡಿರಲಿಲ್ಲ. ಏಕೆ ಹೊಡೆದಿರೆಂದು ತಾಯಿ ಬಂದು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಚಿನ್ನಿಯ ಮೂತಿ ನೆನಪಾದಾಗಲೆಲ್ಲ ನನಗೂ ಉತ್ತರ ದೊರೆಯುವುದಿಲ್ಲ.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನನ್ನ ತರಗತಿಯ ಕಡೆಯ ಬೆಂಚಿನಲ್ಲಿ, ಕರೆದರೆ ತಡವಾಗಿ ಏಳುತ್ತಿದ್ದ ಹುಡುಗನೊಬ್ಬನಿದ್ದ. ಉಡಾಫೆಯೆಂದು ಒಂದು ತಿಂಗಳು ನಿಲ್ಲಿಸಿ ಬೈದೆ. ಅವನ ಕಿವಿ ಸೋರುತ್ತಿತ್ತು. ಮನೆಯಲ್ಲೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ನಿಮ್ಮಲ್ಲಿ ಕೆಲವರಿಗೆ ಅದು ನೆನಪಿರಬಹುದು. ಅವನಿಗಂತೂ ಇದ್ದೇ ಇರುತ್ತದೆ. ಹಟವೆಂದು, ಸೋಮಾರಿತನವೆಂದು, ವಯಸ್ಸೆಂದು ಹೆಸರಿಟ್ಟುಬಿಟ್ಟರೆ ಮುಂದೆ ನೋಡುವ ಕಷ್ಟ ತಪ್ಪುತ್ತದೆ. ನಾನು ಮಾಡಿದ್ದು ಅದನ್ನೇ.

ಮನೆಯಲ್ಲಿ ಮುದಿ ನಾಯಿಯಿರುವ ನನ್ನ ಹಳೆಯ ವಿದ್ಯಾರ್ಥಿಗಳಿಗೆ ಮೇಷ್ಟರು ಕೊಡುವ ಮನೆಪಾಠ ಇಷ್ಟೇ: ಇಂದು ಸಂಜೆ ಅದನ್ನು ಎತ್ತಿಕೊಳ್ಳಬೇಡಿ. ನೆಲಕ್ಕೆ ಬಿಟ್ಟು, ಅದು ಹೇಗೆ ಏಳುತ್ತದೆ, ಹೇಗೆ ತಿನ್ನುತ್ತದೆ ಎಂದು ಕುಳಿತು ನೋಡಿ.