ಧಾರಣೆಗಿರುವ ನಂಬಿಕೆ ಸುದ್ದಿಗೇಕಿಲ್ಲ?

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟದ ಮನೆಗಳಲ್ಲಿ ಪತ್ರಿಕೆಯ ಒಂದು ಮೂಲೆಯ ಮೇಲೆ ಯಾರಿಗೂ ಅನುಮಾನವಿಲ್ಲ. ಅದು ಅಡಿಕೆ ಧಾರಣೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟಿನ ದರವನ್ನು ಅಪ್ಪ ಪತ್ರಿಕೆಯಲ್ಲಿ ನೋಡಿದರೆ ಮಗ ವಾಟ್ಸ್‌ಆ್ಯಪಿನಲ್ಲಿ ನೋಡುತ್ತಾನೆ. ಇಬ್ಬರೂ ನಂಬುತ್ತಾರೆ. ಟೆಂಡರಿನ ದರ ತಪ್ಪಾಗಿ ಅಚ್ಚಾದರೆ ಅಂದು ಅಡಿಕೆ ಮಾರಿದವನಿಗೆ ಕೂಡಲೇ ತಿಳಿಯುತ್ತದೆ. ಅವನ ಕೈಯಲ್ಲಿ ಮಾರಾಟದ ಪಟ್ಟಿಯಿರುತ್ತದೆ. ತಾಳೆ ನೋಡಲು ಬರುವುದನ್ನು ಜನ ನಂಬುತ್ತಾರೆ, ಅಷ್ಟೆ.

ಅದೇ ಮಗನಿಗೆ ಮುಖಪುಟದ ಮೇಲೆ ಈ ಭರವಸೆ ಇಲ್ಲ. ಈಗಿನ ಹುಡುಗರು ಓದುವುದೇ ಇಲ್ಲ ಎಂದು ಹಿರಿಯರು ಷರಾ ಬರೆದುಬಿಡುತ್ತಾರೆ. ಓದದಿರುವುದು ಬೇರೆ, ನಂಬದಿರುವುದು ಬೇರೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ ಸಮೀಕ್ಷೆಯಲ್ಲಿ ಸುದ್ದಿಯನ್ನು ಬಹುಮಟ್ಟಿಗೆ ನಂಬುತ್ತೇವೆ ಎನ್ನುವವರ ಪ್ರಮಾಣ ಕೆಲ ವರ್ಷಗಳಿಂದ ಜಗತ್ತಿನಾದ್ಯಂತ ಶೇ 40ರ ಆಸುಪಾಸಿನಲ್ಲೇ ನಿಂತಿದೆ. ಭಾರತದಲ್ಲಿ ಈ ಸಮೀಕ್ಷೆ ಇಂಗ್ಲಿಷ್ ಬಲ್ಲ ಆನ್‌ಲೈನ್ ಓದುಗರನ್ನಷ್ಟೇ ಕೇಳುತ್ತದೆ. ಇಲ್ಲಿನ ತೋಟದ ಮನೆಯ ಹುಡುಗನನ್ನು ಯಾರೂ ಕೇಳಿಲ್ಲ.

ಕೇಳಿದರೆ ಅವನು 2017ರ ಡಿಸೆಂಬರ್ ನೆನಪಿಸಿಯಾನು. ಹೊನ್ನಾವರದ ಶೆಟ್ಟಿಕೆರೆಯಲ್ಲಿ ಯುವಕನೊಬ್ಬನ ಶವ ಸಿಕ್ಕಿತು. ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆಂಬ ಮಾತು ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ರಾಜಕಾರಣಿಗಳ ಬಾಯಲ್ಲಿ ಅದೇ ಮಾತು ಹೇಳಿಕೆಯಾಗಿ, ಹೇಳಿಕೆ ಸುದ್ದಿಯಾಯಿತು. ಮಣಿಪಾಲದ ವಿಧಿವಿಜ್ಞಾನ ತಜ್ಞರು ಚಿತ್ರಹಿಂಸೆಯ ಮಾತನ್ನು ಅಲ್ಲಗಳೆದು ತಮ್ಮ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಪೊಲೀಸರು ಬಿಡುಗಡೆ ಮಾಡಿದರೂ ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಡಿಸೆಂಬರ್ 12ರಂದು ಶಿರಸಿ ಪೇಟೆಯಲ್ಲಿ ಕಲ್ಲು ತೂರಾಟ, ಲಾಠಿ ಪ್ರಹಾರ. ತನಿಖೆ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ ಹೊರಬಿದ್ದ ಅದರ ಅಂತಿಮ ವರದಿ, ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂದಿತು.

ಅಷ್ಟರಲ್ಲಿ ಹತ್ತಿರ ಹತ್ತಿರ ಐದು ವರ್ಷ ಕಳೆದಿತ್ತು. ಅಂದು ಹೈಸ್ಕೂಲಿನಲ್ಲಿದ್ದವರು ಇಂದು ಮತದಾರರು. ಸಿಬಿಐ ವರದಿ ಪತ್ರಿಕೆಗಳಲ್ಲಿ ಬಂತು, ನಿಜ. ಆದರೆ 2017ರಲ್ಲಿ ಹೇಳಿಕೆಗಳನ್ನು ಪರಿಶೀಲಿಸದೆ ಬಿತ್ತರಿಸಿದವರು, ‘ಅಂದು ನಾವು ಹೇಳಿದ್ದು ಹೀಗೆ, ಈಗ ಗೊತ್ತಾದದ್ದು ಹೀಗೆ’ ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬೇಕಿತ್ತು. ಆರೋಪವನ್ನು ‘ಅವರು ಹೇಳಿದರು’ ಎಂದು ಬರೆದರೆ ಕಾನೂನಿನಿಂದ ಪಾರಾಗಬಹುದು, ಓದುಗನಿಂದಲ್ಲ. ಫಾರ್ವರ್ಡ್ ಮಾಡಿದವರಲ್ಲಿ ಹುಡುಗರೂ ಇದ್ದರೆಂಬುದು ಸುಳ್ಳಲ್ಲ. ಆದರೆ ವದಂತಿಯನ್ನು ಸೋಸುವುದೇ ಕಸುಬಾದವರ ಹೊಣೆ ಅವರಿಗಿಂತ ದೊಡ್ಡದು.

ಶಿರಸಿಯಿಂದಲೇ ‘ಲೋಕಧ್ವನಿ’ಯಂಥ ದಿನಪತ್ರಿಕೆ ಹೊರಡುತ್ತದೆ, ರಾಜ್ಯಮಟ್ಟದ ಪತ್ರಿಕೆಗಳಿಗೂ ಇಲ್ಲಿ ವರದಿಗಾರರಿದ್ದಾರೆ. ಬರೆದವರು ಸಂತೆಯಲ್ಲಿ ಎದುರಾಗುವಷ್ಟು ಹತ್ತಿರ. ಟಿವಿ ಸ್ಟುಡಿಯೊಗಳಿಗಿಲ್ಲದ ಅನುಕೂಲವಿದು. ಈ ಪತ್ರಿಕೆಗಳು ವಾರಕ್ಕೊಮ್ಮೆ ಕಾಲು ಪುಟವನ್ನು ಹಳೆಯ ಸುದ್ದಿಗಳು ಎಲ್ಲಿಗೆ ಮುಟ್ಟಿದವು ಎಂಬುದಕ್ಕೆ ಮೀಸಲಿಡಲಿ. ತಿದ್ದುಪಡಿಯನ್ನು, ತಪ್ಪು ಅಚ್ಚಾದ ಪುಟದಲ್ಲೇ ಹಾಕಲಿ.